ಮಾಳುವಿನ ಮೊಣಕಾಲು, ಕುರಿಯ ಸೂಜಿ

ನಮ್ಮ ಮಮದಾಪುರದಲ್ಲಿ ಯಾರಾದರೂ ಕಾಲು ನೋವು ಎಂದರೆ ಸಾಕು, ಕೇಳಿದವರ ಮುಂದಿನ ಮಾತು ಸೂಜಿ ಮಾಡಿಸಿದೆಯಾ ಎಂಬುದೇ. ಬರೀ ಗುಳಿಗೆ ಕೊಟ್ಟು ಕಳಿಸುವ ಡಾಕ್ಟರನ್ನು ನಾವು ಡಾಕ್ಟರೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುರಿ ಸಾಕುವ ಧೂಳಪ್ಪನಿಗಂತೂ ಡಾಕ್ಟರ ಹಂಗೇ ಇಲ್ಲ. ದನದ ಔಷಧದ ಅಂಗಡಿಯಿಂದ ಬಾಟಲಿ ತರುತ್ತಾನೆ, ಕುಂಟುವ ಕುರಿಗೆ ತಾನೇ ಸೂಜಿ ಚುಚ್ಚುತ್ತಾನೆ, ಸಂಜೆಗೆ ಕುರಿ ಎದ್ದು ಮೇಯುತ್ತದೆ. ಅವನ ಕೈಗುಣ ದೊಡ್ಡದು ಎಂದು ಊರೇ ಹೇಳುತ್ತದೆ. ಊರು ಹೇಳಿದ್ದನ್ನು ಅವನೂ ನಂಬಿಬಿಟ್ಟಿದ್ದ.

ಈ ಧೂಳಪ್ಪನ ಮಗ ಮಾಳು ಓಡುವುದನ್ನು ನೀವು ನೋಡಬೇಕಿತ್ತು. ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ಅವನು ಓಡುತ್ತಾ ಬಂದರೆ, ಬಟ್ಟೆ ಒಗೆಯುತ್ತಿದ್ದ ನಾವು ಹೆಂಗಸರು ಕೈಯಲ್ಲಿದ್ದ ಸೀರೆಯನ್ನು ಹಾಗೇ ಹಿಡಿದು ನಿಂತುಬಿಡುತ್ತಿದ್ದೆವು. ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವ ಹಾಗೆ ಓಡುತ್ತಿದ್ದ. ದೇವರು ಒಬ್ಬೊಬ್ಬರಿಗೆ ಎಂಥ ಕಾಲು ಕೊಡುತ್ತಾನಲ್ಲ ಎಂದು ನನಗೆ ಪ್ರತಿ ಸಲವೂ ಬೆರಗಾಗುತ್ತಿತ್ತು. ವಿಜಯಪುರದಲ್ಲಿ ಓಟ ಕಲಿಸುವ ನೇತ್ರಾ ಮೇಡಂ ಅವನನ್ನು ತಮ್ಮ ಹತ್ತಿರ ಕರೆಸಿಕೊಂಡು ತಯಾರು ಮಾಡಿದರು. ಹೋದ ವರ್ಷ ಸುದ್ದಿ ಬಂತು. ಹೊರದೇಶದಲ್ಲಿ ನಡೆಯುವ ಕಿರಿಯರ ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಓಟಕ್ಕೆ ಭಾರತದ ತಂಡದಲ್ಲಿ ಮಾಳುವಿನ ಹೆಸರು ಇತ್ತು.

ಕ್ರಾಸ್ ಕಂಟ್ರಿ ಎಂದರೆ ಸಪಾಟಾದ ಮೈದಾನದ ಸುತ್ತ ಓಡುವುದಲ್ಲ. ದಿಬ್ಬ, ಕೆಸರು, ಹುಲ್ಲು, ಬಂದದ್ದನ್ನೆಲ್ಲ ದಾಟಿಕೊಂಡು ಓಡಬೇಕು. ಅದನ್ನು ಕೇಳಿ ನಮ್ಮೂರ ಮಹಿಳಾ ಸಂಘದ ಹೆಂಗಸರು ನಕ್ಕರು. ಕುರಿಗಳ ಹಿಂದೆ ಅವನು ಹುಟ್ಟಿದಾಗಿನಿಂದ ಮಾಡಿದ್ದೇ ಅದು, ಇದಕ್ಕೆ ಇಂಗ್ಲಿಷ್ ಹೆಸರು ಬೇರೆ ಇದೆಯಾ ಎಂದರು.

ಹೊರಡುವುದಕ್ಕೆ ಸ್ವಲ್ಪ ದಿನ ಮೊದಲು, ಮನೆಯವರನ್ನು ಕಂಡು ಹೋಗಲು ಮಾಳು ಊರಿಗೆ ಬಂದ. ಬರುವಾಗಲೇ ಕುಂಟುತ್ತಿದ್ದ. ಮೊಣಕಾಲು ಬಾತಿತ್ತು. ಧೂಳಪ್ಪ ಎರಡನೇ ಮಾತಾಡದೆ ಕುರಿಯ ಔಷಧದ ಬಾಟಲಿ ತೆಗೆದ. ಮೇಡಂಗೆ ಒಂದು ಮಾತು ಕೇಳುತ್ತೇನೆ ಎಂದು ಮಾಳು ಅಂದದ್ದೇ ತಪ್ಪಾಯಿತು. ಹೆತ್ತವರಿಗಿಂತ ಮೇಡಂ ಹೆಚ್ಚೇನು ಎಂದು ಧೂಳಪ್ಪ ಮುಖ ಗಂಟು ಹಾಕಿದ. ತಾಯಿ ತಾಯವ್ವ ಗಂಡನ ಕಡೆ ನಿಂತಳು. ಸುಗ್ಗಿಯಲ್ಲಿ ಸೊಂಟ ಹಿಡಿದಾಗ ಅದೇ ಸೂಜಿಯನ್ನು ಅವಳೂ ಮಾಡಿಸಿಕೊಂಡಿದ್ದಳಂತೆ.

"ನಾನೇನ ಸತ್ತೇನೇನಪಾ? ಗಟ್ಟಿಮುಟ್ಟಾಗಿ ನಿನ್ನ ಮುಂದ ನಿಂತೇನಿ" ಎಂದಳು.

ಮಾಳುವಿಗೆ ಅಪ್ಪನನ್ನು ನೋಯಿಸಲೂ ಮನಸ್ಸಿಲ್ಲ, ಚುಚ್ಚಿಸಿಕೊಳ್ಳಲೂ ಧೈರ್ಯವಿಲ್ಲ. ಹಿತ್ತಿಲಿಗೆ ಹೋಗಿ ನೇತ್ರಾ ಮೇಡಂಗೆ ಫೋನು ಹಚ್ಚಿದ. ತಾವು ಬರುವತನಕ ಯಾವ ಸೂಜಿಯೂ ಬೇಡ ಎಂದರು ಅವರು. ಒಂದು ರಾತ್ರಿ ತಡೆ ಎಂದು ಮಾಳು ಅಪ್ಪನನ್ನು ಹೇಗೋ ಒಪ್ಪಿಸಿದ. ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಬಬಲೇಶ್ವರದ ಮೇಲೆ ಹಾಯ್ದು ಬಂದೇಬಿಟ್ಟರು. ಪಕ್ಕದ ಮನೆಯವಳಾದ ನಾನೂ ಚಹಾ ಕೊಡುವ ನೆಪದಲ್ಲಿ ಅಲ್ಲೇ ಕೂತೆ.

ನೇತ್ರಾ ಮೇಡಂ ಸಿಟ್ಟು ಮಾಡಲಿಲ್ಲ. ಕಂಬಳಿಯ ಮೇಲೆ ಕೂತು ಮೊಣಕಾಲು ಮುಟ್ಟಿ ನೋಡಿದರು. ಆಮೇಲೆ ಬಾಟಲಿ ತರಿಸಿ ಅದನ್ನೂ ನೋಡಿದರು.

"ಕಾಕಾ, ಈ ಸೂಜಿ ಮಾಡಿದ ಕುರಿನ ಅವತ್ತ ಕೊಯ್ಯಾಕ ಕೊಡ್ತೀರೇನ್ರಿ?"

"ಅದ್ಹೆಂಗ ಕೊಡಾಕ ಬರತೈತ್ರಿ ಮೇಡಂ. ಔಷಧ ಇನ್ನೂ ಅದರ ಮೈಯಾಗ ಇರತೈತಿ. ಭಾಳ ದಿನ ಬಿಡಬೇಕ್ರಿ. ತಿಂದ ಮಂದಿಗೆ ಚಲೋ ಅಲ್ಲ."

"ತಿಂದ ಮಂದಿಗೆ ಚಲೋ ಅಲ್ಲ ಅಂದ್ರ, ಮಗನ ಮೈಯಾಗ ನೆಟ್ಟಗ ಹಾಕಿದ್ರ ಚಲೋನ್ರಿ?"

ಕುರಿಯ ವಿಷಯದಲ್ಲಿ ಧೂಳಪ್ಪನ ಮಾತನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ. ಈಗ ಅವನ ಮಾತೇ ಅವನ ಮುಂದೆ ಬಂದು ಕೂತಿತ್ತು.

ಮೇಡಂ ನಿಧಾನವಾಗಿ ತಿಳಿಸಿ ಹೇಳಿದರು. ಪ್ರಾಣಿಗೆಂದು ಮಾಡಿದ ಔಷಧದ ಅಳತೆ ಬೇರೆ, ಮನುಷ್ಯರ ಅಳತೆ ಬೇರೆ. ಇಂಥ ಕೆಲವು ಸೂಜಿಗಳು ನೋವನ್ನು ಮುಚ್ಚಿಡುತ್ತವೆ, ಒಳಗಿನ ಪೆಟ್ಟು ಹಾಗೇ ಬೆಳೆಯುತ್ತದೆ, ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಎಲುಬು ಸವೆಯುತ್ತದೆ, ಸಕ್ಕರೆ ಕಾಯಿಲೆ ಬರಬಹುದು. ತಾಯವ್ವ ಮೆಲ್ಲಗೆ ಸೊಂಟ ಮುಟ್ಟಿಕೊಂಡಳು. ಓಟಗಾರರಿಗೆ ಇನ್ನೊಂದು ಗಂಡಾಂತರ ಇದೆ ಎಂದು ಮೇಡಂ ಮುಂದುವರಿಸಿದರು. ಪಂದ್ಯದಲ್ಲಿ ಮೂತ್ರದ ತಪಾಸಣೆ ಮಾಡುತ್ತಾರೆ. ಗೆದ್ದವರನ್ನಷ್ಟೇ ಅಲ್ಲ, ಯಾರನ್ನು ಬೇಕಾದರೂ ಕರೆಯುತ್ತಾರೆ. ಈ ಬಾಟಲಿಯಲ್ಲಿರುವಂಥ ನಿಷೇಧಿಸಿದ ಔಷಧ ಸಿಕ್ಕಿತೆಂದರೆ ವರ್ಷಗಟ್ಟಲೆ ಓಡುವ ಹಾಗಿಲ್ಲ.

"ಅವಗ ಗೊತ್ತಿಲ್ರಿ, ನಾ ಪ್ರೀತಿಲೆ ಕೊಟ್ಟೇನಿ ಅಂತ ನಾನ ಬಂದ ಹೇಳಿದ್ರ?" ಧೂಳಪ್ಪನ ದನಿ ಇಳಿದಿತ್ತು.

"ಪ್ರೀತಿಲೆ ಕೊಟ್ಟದ್ದೂ ಮೂತ್ರದಾಗ ಕಾಣತೈತ್ರಿ ಕಾಕಾ. ಯಾರ ಮೈಯಾಗ ಸಿಕ್ತೋ, ಜವಾಬ್ದಾರಿ ಅವಂದ."

ಆ ದಿನವೇ ಧೂಳಪ್ಪ ಮಗನನ್ನು ವಿಜಯಪುರಕ್ಕೆ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಒಳಗೆ ಕಾಲಿಡುತ್ತಲೇ, ಇವನು ಓಟಗಾರ, ತಪಾಸಣೆ ಇರುತ್ತದೆ ಎಂದು ತಾನೇ ಹೇಳಿದನಂತೆ. ಡಾಕ್ಟರು ಸೂಜಿ ಮಾಡಲಿಲ್ಲ. ಐಸ್ ಇಡಿ, ಕಾಲಿಗೆ ವಿಶ್ರಾಂತಿ ಕೊಡಿ, ಹೇಳಿದ ವ್ಯಾಯಾಮ ಮಾಡಿ, ಬಾವು ಇಳಿಯದಿದ್ದರೆ ಓಡುವುದೇ ಬೇಡ ಎಂದರು. ನಮ್ಮೂರಿನ ದೊಡ್ಡ ಕನಸು ಒಂದು ಮೊಣಕಾಲಿನ ಮೇಲೆ ನಿಂತಿತ್ತು. ಆಟೋಟದ ವಿಷಯ ಏನೂ ತಿಳಿಯದ ಮುದುಕಿಯರೂ ದಾರಿಯಲ್ಲಿ ನಿಂತು ಬಾವು ಇಳಿಯಿತೇ ಎಂದು ಕೇಳಿದರು. ಇಳಿಯಿತು. ಮಾಳು ವಿಮಾನ ಹತ್ತಿದ.

ಓಟದ ದಿನ ಸಮುದಾಯ ಭವನದ ಟಿವಿಯ ಮುಂದೆ ಊರೇ ಸೇರಿತ್ತು. ನೇತ್ರಾ ಮೇಡಂ ತಮ್ಮ ಫೋನನ್ನು ಅದಕ್ಕೆ ಜೋಡಿಸಿದ್ದರು. ಎಲ್ಲೋ ಒಂದು ಹಸಿರು ಗುಡ್ಡ, ಅದರ ತಪ್ಪಲಿನಲ್ಲಿ ಲೋಕದ ನಾನಾ ದೇಶಗಳ ಹುಡುಗರು. ಬಂದೂಕಿನ ಸದ್ದಿಗೆ ಎಲ್ಲರೂ ಒಮ್ಮೆಲೇ ಹೊರಟರು. ಕೀನ್ಯಾದ, ಇಥಿಯೋಪಿಯಾದ ಹುಡುಗರು ಮುಂದೆ ಹೋದರು. ಇಷ್ಟು ಚಿಕ್ಕ ಮಕ್ಕಳು ದಿಬ್ಬವನ್ನು ಇಳಿಜಾರು ಇಳಿದಷ್ಟೇ ಸಲೀಸಾಗಿ ಹತ್ತುವುದನ್ನು ನೋಡಿ ನನಗೆ ಕೈ ಮುಗಿಯಬೇಕೆನಿಸಿತು. ಅವರೂ ಯಾವುದೋ ತಾಯಿಯ ಮಕ್ಕಳೇ, ಯಾವುದೋ ಊರು ಅವರಿಗಾಗಿಯೂ ಹೀಗೇ ಕಾದು ಕೂತಿರಬೇಕು.

ಮಾಳು ಗುಂಪಿನ ಹಿಂದಿದ್ದ. ಕೆಸರಿನ ಹಾದಿ ಬಂದ ಕೂಡಲೇ ಬೇರೆಯವರ ಕಾಲು ಜಾರತೊಡಗಿತು, ನಮ್ಮವನದು ಜಾರಲಿಲ್ಲ. ಒಬ್ಬೊಬ್ಬರನ್ನೇ ಹಿಂದೆ ಹಾಕಿದ. ಕೊನೆಗೆ ಅವನು ಬಂದು ಮುಟ್ಟಿದ್ದು ಎಲ್ಲೋ ನಡುವೆ. ಪದಕ ಬರಲಿಲ್ಲ. ಆದರೂ ಧೂಳಪ್ಪ ಎರಡೂ ಕೈ ಮೇಲೆತ್ತಿ ನಿಂತಿದ್ದ, ಇಳಿಸಲು ಮರೆತಿದ್ದ.

ಸ್ವಲ್ಪ ಹೊತ್ತಿಗೆ ಮೇಡಂ ಅವರ ಫೋನಿಗೆ ಮಾಳುವಿನ ಕರೆ ಬಂತು, ಅವರು ಅದನ್ನು ಎಲ್ಲರಿಗೂ ಕೇಳುವಂತೆ ಧೂಳಪ್ಪನ ಮುಂದೆ ಹಿಡಿದರು. ಮಾಳು ಇನ್ನೂ ಏದುಸಿರು ಬಿಡುತ್ತಿದ್ದ.

"ಯಪ್ಪಾ, ತಪಾಸಣಿಗೆ ನನ್ನ ಕರದಾರ. ಅವರ ಮನುಷ್ಯಾ ನನ್ನ ಬಾಜೂಕ ನಿಂತಾನ."

ನನಗೆ ಕುರಿಯ ಔಷಧದ ಆ ಬಾಟಲಿ ನೆನಪಾಯಿತು. ಅಂದು ಒಂದು ಹನಿ ಒಳಗೆ ಹೋಗಿದ್ದರೆ ಈ ಹೊತ್ತಿಗೆ ಈ ಅಪ್ಪನ ಗತಿ ಏನಾಗುತ್ತಿತ್ತು?

"ಹೋಗಿ ಕೊಟ್ಟ ಬಾ ಮಗನ" ಎಂದ ಧೂಳಪ್ಪ. "ನಿನ್ನ ಮೈಯಾಗ ನಿಮ್ಮವ್ವನ ರೊಟ್ಟಿ ಬಿಟ್ರ ಬ್ಯಾರೇ ಏನೂ ಇಲ್ಲ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ದನಕರು, ಕುರಿಗಳ ಔಷಧ ಇರಬಹುದು. ಅದು ಅವುಗಳಿಗೇ ಇರಲಿ. ಮೈಗೆ ನೋವಾದರೆ ಓದಿದ ಡಾಕ್ಟರಿಗೆ ತೋರಿಸಿ, ಸೂಜಿಯೇ ಬೇಕೆಂದು ಹಟ ಹಿಡಿಯಬೇಡಿ. ಮಕ್ಕಳು ಆಟೋಟದಲ್ಲಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ, ಯಾರೋ ಕೊಟ್ಟ ಪುಡಿ, ಗುಳಿಗೆ ಯಾವುದನ್ನೂ ಕೇಳದೆ ಕೊಡಬೇಡಿ. ನಾಳೆ ನಿಮ್ಮ ಮಗನನ್ನೋ ಮಗಳನ್ನೋ ತಪಾಸಣೆಗೆ ಕರೆದಾಗ, ಹೋಗಿ ಕೊಟ್ಟು ಬಾ ಎನ್ನುವ ನಿಮ್ಮ ದನಿ ನಡುಗದಿರಲಿ.