ಹದಿನೆಂಟು ಎಂಬಿ ದನಿ

"ಹುಡುಕ್ತಾ ಇದ್ದೀನಿ," ಎಂದ ಪ್ರೀತಂ. ಹುಡುಕಲು ಅಲ್ಲಿ ಏನೂ ಇರಲಿಲ್ಲ.

ಮೇಜಿನಾಚೆ ಕೂತಿದ್ದ ರೂಪ, ಪೂರಿಗಾಲಿಯಿಂದ ಹೊರಟು ಮಳವಳ್ಳಿಯಲ್ಲಿ ಬಸ್ಸು ಬದಲಿಸಿ, ಮದ್ದೂರಿನ ಈ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಬಂದಿದ್ದಳು. ಗಂಡ ಲಿಂಗರಾಜು ತೀರಿಕೊಂಡು ಹದಿನಾರು ದಿನ. ಮಡಿಲಲ್ಲಿ ನಾಲ್ಕು ವರ್ಷದ ಅನು.

"ಆಪರೇಸನ್‌ಗೆ ಮುಂಚಿನ ನನ್ ದನಿನೆಲ್ಲ ಪ್ರೀತಂಗೆ ಕಳ್ಸಿವ್ನಿ ಅಂತ ಅವ್ರು ಸ್ಲೇಟಲ್ಲಿ ಬರ್ದಿದ್ರು ಕಣಣ್ಣ. ಅವ್ನತ್ರ ಇದ್ರೆ ಎಲ್ಲೂ ಓಗಲ್ಲ ಅಂತ."

ಲಿಂಗರಾಜುವಿನ ಫೋನು ಅವನ ಬೆರಳಿಗೆ ಮಾತ್ರ ತೆರೆಯುತ್ತಿತ್ತಂತೆ. ಒಂದೇ ಮನೆಯಲ್ಲಿದ್ದವಳು ದನಿಯನ್ನು ಯಾಕೆ ಹಿಡಿದಿಟ್ಟುಕೊಂಡಾಳು? ಆಪರೇಷನ್ ಆದಾಗ ಇನ್ನೂ ತೊಟ್ಟಿಲಲ್ಲಿದ್ದ ಮಗುವಿಗಂತೂ ಅಪ್ಪನ ದನಿಯೇ ಗೊತ್ತಿಲ್ಲ. ಒಂದು ಸಲವಾದರೂ ಕೇಳಿಸಬೇಕೆಂದು ಬಂದಿದ್ದಳು.

ಇಬ್ಬರೂ ಮಂಡ್ಯದಲ್ಲಿ ಓದುವಾಗ ಲಿಂಗರಾಜು ಮೇಷ್ಟ್ರುಗಳನ್ನೆಲ್ಲ ಅಣಕಿಸುತ್ತಿದ್ದ. ಲಿಂಗರಾಜುವಿನ ದನಿಯನ್ನು ಅಣಕಿಸಬಲ್ಲವನು ಪ್ರೀತಂ ಒಬ್ಬನೇ. ಗಂಟಲ ಕ್ಯಾನ್ಸರ್ ದನಿ ಕಿತ್ತುಕೊಂಡ ಮೇಲೆ ಲಿಂಗರಾಜು ಮೇಲ್ ಬರೆಯತೊಡಗಿದ. 'ಗಂಟು ತೆಗೆದರು, ಗಂಟಲೂ ಗಂಟುಮೂಟೆ ಕಟ್ಟಿತು' – ಇಂಥವು, ದಿನಕ್ಕೆ ಮೂರು ನಾಲ್ಕು. ಪ್ರೀತಂಗೆ ನಗಲು ಭಯ. ಉತ್ತರ ಬರೆಯಲು ಇನ್ನೂ ಭಯ.

ಮೊದಲು ತನ್ನ ಕಂಪ್ಯೂಟರಿನಲ್ಲೇ ಒಂದು ನಿಯಮ ಹಾಕಿದ: ಲಿಂಗರಾಜುವಿನ ಮೇಲ್ ಬಂದರೆ 'ಆಮೇಲೆ' ಎಂಬ ಫೋಲ್ಡರಿಗೆ. ಒಳಗೆ ಕರೆದು ಮೂಲೆಯಲ್ಲಿ ಕೂರಿಸಿದ ಹಾಗೆ. ಆದರೆ ಓದದವುಗಳ ಸಂಖ್ಯೆ ದಪ್ಪಕ್ಷರದಲ್ಲಿ ಏರುತ್ತ ದಿನವೂ ಅವನನ್ನೇ ನೋಡುತ್ತಿತ್ತು. ಇನ್ನೂರು ದಾಟಿದ ದಿನ ನಿಯಮವನ್ನು ಮೇಲ್ ಮೊದಲು ಬಂದಿಳಿಯುವ ಸರ್ವರ್‌ಗೇ ಹಾಕಿದ. ಅಲ್ಲಿ ಮೂಲೆಯಿಲ್ಲ. ಬಾಗಿಲಲ್ಲೇ ಅಳಿಸುತ್ತದೆ, ಕಳಿಸಿದವನಿಗೂ ಹೇಳುವುದಿಲ್ಲ. ಕಾಲೇಜಿನ ಸರ್ವರ್ ನೋಡಿಕೊಳ್ಳುವವನು ಅವನೇ, ಕೇಳುವವರಿರಲಿಲ್ಲ. ಅಂದು ಅವನಿಗೆ ಒಳ್ಳೆಯ ನಿದ್ದೆ ಬಂತು.

ಈಗ ರೂಪಳೆದುರು 'ಆಮೇಲೆ' ತೆರೆದು ನೋಡಿದ. ಬರೀ ಜೋಕು. ಸರ್ವರಿನ ದಾಖಲೆಯಲ್ಲಿ ಒಂದು ಸಾಲು ಸಿಕ್ಕಿತು: ಲಿಂಗರಾಜು, ಕಳೆದ ತಿಂಗಳ ಒಂದು ಮಧ್ಯಾಹ್ನ, ಹದಿನೆಂಟು ಎಂಬಿ, ಅಳಿಸಲಾಗಿದೆ.

"ಸಿಗ್ತಾ ಅಣ್ಣ?"

"ಸ್ಪ್ಯಾಮಿಗೆ ಹೋಗಿತ್ತು ಅನ್ಸುತ್ತೆ. ಒಂದ್ನಿಮಿಷ ಇರಮ್ಮ."

ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ರೆಕಾರ್ಡ್ ಒತ್ತಿ ಫೋನನ್ನು ಬಾಯಿಯ ಹತ್ತಿರ ಹಿಡಿದ. ಇಷ್ಟು ವರ್ಷದ ಮೇಲೂ ಲಿಂಗರಾಜು ಅವನ ಗಂಟಲಿಗೆ ಸಲೀಸಾಗಿ ಬಂದ, ಕರೆಯುವುದನ್ನೇ ಕಾಯುತ್ತಿದ್ದವನಂತೆ.

ಹೊರಬಂದು ಕೇಳಿಸಿದ.

"ಅನೂ, ಎಲ್ಲವ್ವ ಓಗಿದ್ದೆ? ಬಾ ಇಲ್ಲಿ, ನಿನ್ ಮುಕ ನೋಡವಾ."

ರೂಪ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ನಂಬಿ ಅತ್ತಳೋ, ನಂಬಲಾಗದೆ ಅತ್ತಳೋ, ಪ್ರೀತಂ ಮುಖವೆತ್ತಿ ನೋಡಲಿಲ್ಲ.

ಅನು ಫೋನನ್ನು ತಿರುಗಿಸಿ ಅದರ ಬೆನ್ನು ನೋಡಿದಳು.

"ಇದು ಅಪ್ಪ ಅಲ್ಲ."

"ಮತ್ತೆ ಅಪ್ಪ ಎಂಗ್ ಮಾತಾಡ್ತಿತ್ತು ಮಗ?" ರೂಪ ಕೇಳಿದಳು.

ಮಗು ಕತ್ತನ್ನು ಹಿಂದಕ್ಕೆ ಚಾಚಿ, ಬಾಯಿ ತೆರೆದು ಮುಚ್ಚಿ, ಹಲ್ಲಿಗೆ ಹಲ್ಲು ಬಡಿದಳು. ಟಕ್ ಟಕ್ ಟಕ್. ಕೊಕ್ಕರೆ ಬೆಳ್ಳೂರಿನ ಮರಗಳ ಮೇಲೆ ಕೊಕ್ಕರೆಗಳು ದನಿಯಿಲ್ಲದೆ ಕೊಕ್ಕು ಬಡಿಯುವ ಹಾಗೆ. ಲಿಂಗರಾಜು ಕೊನೆಗೆ ಉಳಿಸಿಕೊಂಡಿದ್ದ ಮಿಮಿಕ್ರಿ.

ಅವರು ಮೂರರ ಬಸ್ಸಿಗೆ ಹೋದರು. ಪ್ರೀತಂ ಸರ್ವರಿನ ನಿಯಮ ತೆಗೆದುಹಾಕಿದ. ಇನ್ನು ಲಿಂಗರಾಜುವಿನ ಮೇಲ್ ತಡೆಯಿಲ್ಲದೆ ಬರಬಹುದು.

ತನ್ನದೇ ದನಿಯಲ್ಲಿ ಏನಾದರೂ ಹೇಳಿಕೊಳ್ಳೋಣವೆಂದು ಬಾಯಿ ತೆರೆದ. ಹಲ್ಲಿಗೆ ಹಲ್ಲು ತಾಗಿತು.

ಟಕ್.