ಕಂಬಳಿ ಬಿಟ್ಟು ಕೆಳಗಿಳಿದವರು

ನಾನು ಒಂದು ಕರಿಕಂಬಳಿ. ಮುಟ್ಟಿದರೆ ಚುಚ್ಚುತ್ತೇನೆ, ಮೊದಲೇ ಹೇಳಿಬಿಡುತ್ತೇನೆ. ಮೆತ್ತಗಿನದು ಬೇಕೆಂದರೆ ಅಂಗಡಿಯಲ್ಲಿ ಬಣ್ಣಬಣ್ಣದ ರಗ್ಗುಗಳಿವೆ, ಹೋಗಿ ಕೊಂಡುಕೊಳ್ಳಿ. ನಾನು ಹುಟ್ಟಿದ್ದು ಚಳ್ಳಕೆರೆ ಸೀಮೆಯ ಒಂದು ಕುರುಬರ ಹಟ್ಟಿಯಲ್ಲಿ. ಉಣ್ಣೆ ಮೈಲಾರಪ್ಪನ ಕುರಿಗಳದ್ದು, ರಾಟೆಯಲ್ಲಿ ನೂಲು ತೆಗೆದವಳು ಅವನ ಹೆಂಡತಿ, ಕುಣಿಮಗ್ಗದಲ್ಲಿ ಕೂತು ನೇಯ್ದವನು ಅವನೇ. ಆಮೇಲೆ ಹುಣಸೆಬೀಜದ ಸರಿ ಬಳಿದು ಬಿಸಿಲಿಗೆ ಹರವಿದರು. ಒಣಗಿದಾಗ ಹಲಗೆಯ ಹಾಗೆ ಸೆಟೆದುಕೊಂಡಿದ್ದೆ. ಅಬ್ಬಾ, ಏನು ಬಿಗುಮಾನ ಆಗ ನನಗೆ!

ಮೈಲಾರಪ್ಪನಿಗೆ ಮನೆಯೆನ್ನುವುದು ಹೆಸರಿಗಷ್ಟೇ ಇತ್ತು. ವರ್ಷದ ಬಹುಪಾಲು ಕುರಿಗಳ ಹಿಂದೆ ಅಲೆದಾಟ, ಯಾರದೋ ಹೊಲದಲ್ಲಿ ಮಂದೆ, ನನ್ನನ್ನೇ ಹಾಸಿ ನನ್ನನ್ನೇ ಹೊದ್ದು ನಿದ್ದೆ. ಪಕ್ಕದಲ್ಲಿ ಪುಟ್ಟ ಮಗಳು ಮಾಳಮ್ಮ.

"ಅಪ್ಪಾ, ನಮ್ಗೂ ಕಿಟಕಿ ಇರೋ ಮನೆ ಬೇಕು" ಎಂದು ಅವಳು ರಾಗ ತೆಗೆಯುತ್ತಿದ್ದಳು.

"ಈ ಆಕಾಶಕ್ಕಿಂತ ದೊಡ್ಡ ಕಿಟಕಿ ಬೇಕೇನೇ ನಿಂಗೆ?" ಎಂದು ಅವನು ನಗುತ್ತಿದ್ದ.

ಹಟ್ಟಿಯಲ್ಲಿ ಜಗಳ ಬಂದರೆ ಹಿರಿಯರು ನನ್ನನ್ನು ಹಾಸಿ ನ್ಯಾಯಕ್ಕೆ ಕೂರುತ್ತಿದ್ದರು. ಕಂಬಳಿ ಮೇಲೆ ಕೂತು ಸುಳ್ಳು ಹೇಳಬಾರದು, ಅದು ಹಟ್ಟಿಯ ಕಟ್ಟುಪಾಡು. ಎಂಥ ಭಂಡನೂ ನನ್ನ ಮೇಲೆ ಕೂತಾಗ ಉಗುಳು ನುಂಗುತ್ತಿದ್ದ. ನನ್ನಲ್ಲಿ ಮಂತ್ರವೂ ಇಲ್ಲ, ಮಾಟವೂ ಇಲ್ಲ. ಅವರವರ ಎದೆಯೇ ಅವರನ್ನು ಚುಚ್ಚುತ್ತಿತ್ತು, ಹೆಸರು ಮಾತ್ರ ನನಗೆ ಬರುತ್ತಿತ್ತು.

ಮಾಳಮ್ಮ ಅದೇ ಹಟ್ಟಿಯ ಪಂಪಣ್ಣನನ್ನು ಮದುವೆಯಾದಳು. ಪಂಪಣ್ಣ ಉಣ್ಣೆ ವ್ಯಾಪಾರದವನು, ಚುರುಕಾದ ನಾಲಿಗೆಯವನು. ವ್ಯಾಪಾರ ಅವನನ್ನು ಎಳೆದುಕೊಂಡು ಹೋಗಿ ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ರತ್ನಗಂಬಳಿ ಅಂಗಡಿ ಹಾಕಿಸಿತು. ಗಂಡಹೆಂಡಿರಿಬ್ಬರೂ ಅಲ್ಲಿನ ಮಾತು ಕಲಿತರು. ನಾನು? ತವರಿನ ನೆನಪಿಗೆಂದು ಮಾಳಮ್ಮ ಹೊತ್ತು ತಂದ ಪೆಟ್ಟಿಗೆಯೊಳಗೆ ನುಸಿಗುಳಿಗೆಯ ಜೊತೆ ಬಿದ್ದಿದ್ದೆ. ಆ ವಾಸನೆಯ ನೆನಪಾದರೆ ಈಗಲೂ ತಲೆ ಸುತ್ತುತ್ತದೆ.

ಒಂದು ಬೇಸಿಗೆಯಲ್ಲಿ ಅವರಿಬ್ಬರೂ ಕಾರಿನಲ್ಲಿ ಆಲ್ಪ್ಸ್ ಬೆಟ್ಟದ ಕಡೆ ಹೋಗಿದ್ದರು. ದಾರಿಗೆ ಅಡ್ಡವಾಗಿ ಕುರಿಮಂದೆ ಬಂತಂತೆ. ಅಲ್ಲಿನವರೂ ಬೇಸಿಗೆಯಲ್ಲಿ ಕುರಿಗಳನ್ನು ಮೇಲಕ್ಕೆ ಹೊಡೆದುಕೊಂಡು ಹೋಗುತ್ತಾರೆ. ಮಾಳಮ್ಮ ಕಾರಿನಿಂದಿಳಿದು ಮಂದೆಯ ನಡುವೆ ನಿಂತು ಅತ್ತಳಂತೆ. ಮನೆಗೆ ಬಂದವಳೇ ಪೆಟ್ಟಿಗೆ ತೆಗೆದು ನನ್ನಲ್ಲಿ ಮುಖ ಹುದುಗಿಸಿದಳು.

"ಆ ಊರಲ್ಲಿ ನಂಗೊಂದು ಮನೆ ಬೇಕು ಕಣ್ರೀ. ಬೇಸಿಗೆಯೆಲ್ಲ ಕಿಟಕಿ ತೆಗೆದು ಕೂತ್ಕೋಬೇಕು" ಎಂದಳು.

"ಆಯ್ತು ಬಿಡು" ಎಂದ ಪಂಪಣ್ಣ. ಅಷ್ಟು ಸಲೀಸಾಗಿ ಒಪ್ಪಿದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು. ಚಳಿಗಾಲದಲ್ಲಿ ಆ ಊರಿನ ತುಂಬ ಹಿಮದ ಮೇಲೆ ಸ್ಕೀ ಆಡುವವರು. ಬೇಸಿಗೆಯಲ್ಲೂ ಬೆಟ್ಟ ಹತ್ತುವ ಒಬ್ಬಿಬ್ಬರು ಸಿಕ್ಕರೆ ಸಾಕು. ವರ್ಷವಿಡೀ ಮನೆಯನ್ನು ಬಾಡಿಗೆಗೆ ಕೊಡಬೇಕೆಂದು ಅವನು ಒಳಗೊಳಗೇ ಗುಣಾಕಾರ ಹಾಕಿಯಾಗಿತ್ತು.

ಮನೆ ಮಾರುವವಳು ಒದೀಲ್ ಎಂಬ ಮುದುಕಿ. ಅವಳ ಗಂಡ ಕುರಿ ಕಾಯುತ್ತಿದ್ದವನು, ತೀರಿಹೋಗಿದ್ದ. ಮೊಣಕಾಲು ಸೋತು ಅವಳು ಕೆಳಗಿನ ಕಣಿವೆಯ ತಂಗಿಯ ಮನೆಗೆ ಹೊರಟಿದ್ದಳು. ಅವಳ ಅಕ್ಕಪಕ್ಕದ ಮನೆಗಳೆಲ್ಲ ಪರಊರಿನವರ ಪಾಲಾಗಿದ್ದವು. ಹಿಮ ಕರಗಿತೋ, ಕಿಟಕಿಗಳೆಲ್ಲ ಬಂದ್. ಬೀದಿಯಲ್ಲಿ ಮಾತಾಡಿಸಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಹೋಟೆಲಿನವರು ಹೆಚ್ಚು ಕೊಡುತ್ತೇವೆಂದರೂ ಅವಳು ಜಪ್ಪಯ್ಯ ಎನ್ನಲಿಲ್ಲ. ಹಿಮ ಹೋದ ಮೇಲೂ ಕಿಟಕಿ ತೆಗೆಯುವವರಿಗೇ ಮನೆ ಎಂದು ಹಟ ಹಿಡಿದು ಕೂತಿದ್ದಳು.

ಮಾತು ಪಕ್ಕಾ ಮಾಡುವ ದಿನ ಮಾಳಮ್ಮ ನನ್ನನ್ನು ಹೆಗಲ ಮೇಲೆ ಹಾಕಿಕೊಂಡೇ ಹೊರಟಳು. ಅಲ್ಲಿ ನೋಡಿದರೆ ಕುರ್ಚಿ, ಮೇಜು, ಮಂಚ ಎಲ್ಲ ಲಾರಿಯಲ್ಲಿ ಇಳಿದುಹೋಗಿದ್ದವು. ಬರಿಯ ಹಲಗೆ ನೆಲ ಹಿಮದಂತೆ ಕೊರೆಯುತ್ತಿತ್ತು. ಮಾಳಮ್ಮ ನನ್ನನ್ನು ಹಾಸಿದಳು. ಮೂವರೂ ನನ್ನ ಮೇಲೆ ಕೂತರು.

"ಬೇಸಿಗೆಯಲ್ಲೂ ನೀವು ಇಲ್ಲಿರುತ್ತೀರಿ ತಾನೆ? ಕಿಟಕಿ ತೆಗೆದಿರುತ್ತೀರಿ ತಾನೆ?" ಒದೀಲ್ ಪಂಪಣ್ಣನನ್ನೇ ಕೇಳಿದಳು.

ಪಂಪಣ್ಣ ಕೆಮ್ಮಿದ. ಸೊಂಟ ನೀವಿಕೊಂಡ. ಮೆಲ್ಲಗೆ ಹಿಂದಕ್ಕೆ ಸರಿದು, ನನ್ನ ಅಂಚು ದಾಟಿ, ಆ ಕೊರೆಯುವ ನೆಲದ ಮೇಲೆ ಕುಂಡೆಯೂರಿದ. ಆಮೇಲೆ ಬಾಯ್ತುಂಬ ಹೇಳಿದ: "ಇರುತ್ತೇವೆ ಮಾದಾಮ್! ಬೇಸಿಗೆ, ಚಳಿಗಾಲ, ಯಾವಾಗಲೂ!"

ಮಾಳಮ್ಮ ತಿರುಗಿ ನೋಡಿದಳು. "ಯಾಕ್ರೀ ಕೆಳಗಿಳಿದ್ರಿ?"

"ಏನಿಲ್ಲ, ಚುಚ್ತದೆ."

"ಹುಟ್ಟಿದಾಗಿಂದ ಕಂಬಳಿ ಮೇಲೇ ಹೊರಳಾಡ್ದೋರು ನೀವು. ಇವತ್ತು ಚುಚ್ತಾ? ಮೇಲೆ ಬಂದು ಅದೇ ಮಾತು ಹೇಳ್ರಿ ನೋಡಾನ."

ಪಂಪಣ್ಣ ಅಲ್ಲಾಡಲಿಲ್ಲ. ಮಾಳಮ್ಮನ ಮುಖ ಕಪ್ಪಿಟ್ಟಿತು. ಏನಾಯಿತು ಎಂದು ಒದೀಲ್ ಕೇಳಿದಳು. ಏನಿಲ್ಲ ಎಂದು ಮಾಳಮ್ಮ ಹೇಳಿಬಿಟ್ಟಿದ್ದರೆ ಮನೆ ಅವಳದಾಗುತ್ತಿತ್ತು. ಚಿಕ್ಕಂದಿನಿಂದ ಕೇಳಿದ ಕಿಟಕಿ ಎದುರಿಗೇ ಇತ್ತು, ಅದರಾಚೆ ಬೆಟ್ಟವಿತ್ತು. ಆದರೆ ಅವಳು ನನ್ನ ಮೇಲೆ ಕೂತಿದ್ದಳಲ್ಲ! ಕಂಬಳಿಯ ಕಟ್ಟುಪಾಡು, ಗಂಡ ಯಾಕೆ ಕೆಳಗಿಳಿದ, ಎಲ್ಲವನ್ನೂ ಕಣ್ಣೊರೆಸಿಕೊಳ್ಳುತ್ತ ಹೇಳಿಬಿಟ್ಟಳು.

ಒದೀಲ್ ನನ್ನ ಮೇಲೆ ಅಂಗೈ ಆಡಿಸಿದಳು, ಬಗ್ಗಿ ಮೂಸಿದಳು. "ನಮ್ಮ ಯಜಮಾನರ ಉಣ್ಣೆಕೋಟಿಗೂ ಇದೇ ವಾಸನೆಯಿತ್ತು" ಎಂದಳು. ಆಮೇಲೆ ಪಂಪಣ್ಣನ ಕಡೆ ಬೆರಳು ತೋರಿಸಿ, "ಮೇಲೆ ಬಾ. ಇದರ ಮೇಲೆ ಕೂತು ಏನು ಹೇಳಲಾಗುತ್ತದೋ ಅಷ್ಟೇ ಹೇಳು" ಎಂದಳು.

ಆ ದೊಡ್ಡ ಮನುಷ್ಯ ಅಂಬೆಗಾಲಿಟ್ಟುಕೊಂಡು ಬಂದ. ಹೆಂಡತಿಯ ಮುಖ ನೋಡಿದ. "ಚಳಿಗಾಲದಲ್ಲಿ ಬಾಡಿಗೆಗೆ ಕೊಡುತ್ತೇನೆ. ಕುರಿ ಮೇಲೆ ಬಂದಾಗಿನಿಂದ ಕೆಳಗಿಳಿಯುವ ತನಕ ನಾವಿಬ್ಬರೂ ಇಲ್ಲಿರುತ್ತೇವೆ. ಕಿಟಕಿ ತೆಗೆದಿರುತ್ತದೆ" ಎಂದ.

"ಅಷ್ಟು ಸಾಕು" ಎಂದಳು ಒದೀಲ್.

ಹೀಗೆ ಮನೆ ಬಂತು. ಆ ಬೇಸಿಗೆಗಳನ್ನು ಏನೆಂದು ಹೇಳಲಿ! ಬೀದಿಯಲ್ಲಿ ಮಂದೆಯ ಗಂಟೆ ಸದ್ದು ಕೇಳಿದರೆ ಸಾಕು, ಮಾಳಮ್ಮ ನನ್ನನ್ನು ಕಿಟಕಿಯ ಕಟ್ಟೆಯ ಮೇಲೆ ಹರವುತ್ತಿದ್ದಳು. ಕುರಿಗಳ ವಾಸನೆ ಒಳಗೆ ನುಗ್ಗಿದರೆ ನನಗೆ ತವರಿನವರು ಬಂದಷ್ಟು ಖುಷಿ. ಮೊದಲ ವರ್ಷ ಪಂಪಣ್ಣ ಅಂಗಡಿ ಅಂಗಡಿ ಎಂದು ಫೋನಿಗೆ ಅಂಟಿಕೊಂಡಿದ್ದ. ಬರಬರುತ್ತ ಅವನೇ ಬೀದಿಗಿಳಿದು ಕುಂಟುವ ಮರಿಗಳನ್ನು ಎತ್ತಿಕೊಂಡು ಹೋಗತೊಡಗಿದ. ಒದೀಲ್ ಕಣಿವೆಯಿಂದ ಬಂದು ನನ್ನ ಮೇಲೆ ಕೂತು ತಂಗಿಯ ಅಡುಗೆಯನ್ನು ಬೈಯುತ್ತಿದ್ದಳು. ಎಲ್ಲ ಸತ್ಯವೇ ಇರಬೇಕು.

ಆಮೇಲೊಂದು ವರ್ಷ ಪಂಪಣ್ಣ ಸೊರಗಿ ಕಡ್ಡಿಯಾದ. ಡಾಕ್ಟರು ಮಾಳಮ್ಮನೊಬ್ಬಳನ್ನೇ ಕರೆದು ಮಾತಾಡಿದ್ದರು. ಬೇಸಿಗೆ ಮುಗಿದು ಮಂದೆ ಕೆಳಗಿಳಿಯುವ ದಿನ ಇಬ್ಬರೂ ಕಿಟಕಿಯ ಬಳಿ ನೆಲದಲ್ಲಿ ನನ್ನನ್ನು ಹಾಸಿಕೊಂಡು ಕೂತಿದ್ದರು.

"ಬರೋ ಬೇಸಿಗೇಗೂ ನಾನು ಈ ಮನೇಗೆ ಬರ್ತೀನಾ?" ಎಂದು ಅವನು ಕೇಳಿದ.

ಮಾಳಮ್ಮ ಸೆರಗು ಸರಿಮಾಡಿಕೊಂಡಳು. ಮೆಲ್ಲಗೆ ಹಿಂದಕ್ಕೆ ಸರಿದು, ನನ್ನ ಅಂಚು ದಾಟಿ, ಬರಿ ನೆಲದ ಮೇಲೆ ಕೂತಳು. "ಬರ್ದೆ ಎಲ್ಲಿಗೆ ಹೋಗ್ತೀರಿ? ಬಂದೇ ಬರ್ತೀರಿ."

ಪಂಪಣ್ಣ ಅವಳನ್ನೇ ನೋಡಿದ. "ಯಾಕೆ ಮಾಳೀ, ಕೆಳಗಿಳಿದೆ?"

"ಚುಚ್ತದೆ."

ಅವನು ನಕ್ಕ. ಪಕ್ಕಕ್ಕೆ ಸರಿದು ನನ್ನನ್ನು ತಟ್ಟಿದ. "ಬಾ, ನೆಲ ಥಂಡಿ ಐತೆ. ಮಾತು ಬ್ಯಾಡ. ಸುಮ್ನೆ ಕೂತ್ಕಾ."

ಅವಳು ಬಂದು ಕೂತಳು. ಗಂಟೆಯ ಸದ್ದು ಕಣಿವೆಗಿಳಿಯುವ ತನಕ ಇಬ್ಬರೂ ನನ್ನ ಮೇಲೇ ಕೂತಿದ್ದರು.

ಈಗ ನನಗೂ ವಯಸ್ಸಾಯಿತು. ಅಂಚು ಹರಿದಿದೆ, ನಡುವೆ ನುಸಿ ತಿಂದ ತೂತುಗಳಿವೆ. ಚಳಿಗಾಲದ ಬಾಡಿಗೆಯವರ ಕೈಗೆ ಸಿಗದಂತೆ ಮಾಳಮ್ಮ ನನ್ನನ್ನು ಅಟ್ಟದಲ್ಲಿಟ್ಟು ಹೋಗಿರುತ್ತಾಳೆ. ನಿನ್ನೆ ಒಬ್ಬಳೇ ಬಂದಳು. ಇವತ್ತು ಬೆಳಿಗ್ಗೆ ಕಿಟಕಿಗಳನ್ನೆಲ್ಲ ತೆಗೆದು, ನನ್ನನ್ನು ಹಾಸಿ ಕೂತಳು. ಮಂದೆ ಮೇಲಕ್ಕೆ ಬರುತ್ತಿತ್ತು.

"ನಾನು ಚೆನ್ನಾಗಿದೀನಿ ಕಣ್ರೀ" ಎಂದಳು, ಪಕ್ಕದ ಖಾಲಿ ಜಾಗ ನೋಡಿ.

ನಾನು ಉಸಿರು ಬಿಗಿಹಿಡಿದು ಕಾದೆ. ಅವಳು ಕೆಳಗಿಳಿಯಲಿಲ್ಲ.