ಕೈ ನಿಲ್ಲುವ ತನಕ

ಮೂವತ್ತೆರಡು ಪ್ರಶ್ನೆಗಳ ಪಾಟೀಸವಾಲಿಗೆ ಮೂವತ್ತೊಂದು ಕೆಂಪು ಗೆರೆಗಳು ಬಿದ್ದಿದ್ದವು.

ನಮ್ಮ ಕಾನೂನು ಕಾಲೇಜಿನಲ್ಲಿ ಆ ವರ್ಷ ಪಾಟೀಸವಾಲಿನ ಪರೀಕ್ಷೆ ಕಂಪ್ಯೂಟರಿಗೆ ಹೋಗಿತ್ತು. ವಿದ್ಯಾರ್ಥಿ ತನ್ನ ಮನೆಯಲ್ಲಿ ಒಬ್ಬನೇ ಕೂರಬೇಕು. ತೆರೆಯ ಮೇಲೆ ಯಂತ್ರ ಸೃಷ್ಟಿಸಿದ ಸಾಕ್ಷಿಯೊಬ್ಬ ಬರುತ್ತಾನೆ, ಕೇಳಿದ್ದಕ್ಕೆಲ್ಲ ಉತ್ತರಿಸುತ್ತಾನೆ, ಸಮಯ ನೋಡಿ ಸುಳ್ಳನ್ನೂ ಹೇಳುತ್ತಾನೆ. ವಿದ್ಯಾರ್ಥಿಯ ಕಣ್ಣು ತೆರೆಯಿಂದಾಚೆ ಸರಿದರೆ, ಮಾತು ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ, ಇನ್ನೊಂದು ಮುಖ ಕಂಡರೆ ಯಂತ್ರ ಒಂದು ಕೆಂಪು ಗೆರೆ ಎಳೆಯುತ್ತದೆ. ಹತ್ತು ಗೆರೆ ದಾಟಿದವರ ರೆಕಾರ್ಡಿಂಗ್ ನನ್ನ ಮೇಜಿಗೆ ಬರುತ್ತಿತ್ತು. ಅದನ್ನು ನೋಡಿ ‘ಅಕ್ರಮ ಇದೆ’ ಅಥವಾ ‘ಅಕ್ರಮ ಇಲ್ಲ’ ಎಂದು ಗುರುತು ಹಾಕುವುದು ನನ್ನ ಕೆಲಸ. ‘ಇದೆ’ ಎಂದರೆ ಆ ವಿದ್ಯಾರ್ಥಿಯ ಒಂದು ವರ್ಷ ಹೋದಂತೆ.

ಇದು ಕೊನೆಯ ವರ್ಷದ ಹುಡುಗಿಯೊಬ್ಬಳದು. ತರಗತಿಯಲ್ಲಿ ಅವಳನ್ನು ‘ಬಾವಿ’ ಎನ್ನುತ್ತಿದ್ದರು. ಪ್ರಶ್ನೆ ಎಸೆದರೆ ಸದ್ದು ಕೇಳಲು ಕಾಯಬೇಕು ಎಂದು ಗೆಳತಿಯರೇ ಇಟ್ಟ ಹೆಸರು.

ರೆಕಾರ್ಡಿಂಗಿನಲ್ಲಿ ಅವಳು ಪ್ರಶ್ನೆ ಕೇಳುತ್ತಿದ್ದಳು. ಸಾಕ್ಷಿ ಉತ್ತರ ಕೊಡುತ್ತಿದ್ದ. ಆಮೇಲೆ ಅವಳ ಕಣ್ಣು ಎಡಕ್ಕೆ, ಸ್ವಲ್ಪ ಕೆಳಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಐದು ಸೆಕೆಂಡು, ಕೆಲವೊಮ್ಮೆ ಏಳು. ನಂತರ ಮುಂದಿನ ಪ್ರಶ್ನೆ. ಪ್ರಶ್ನೆಗಳು ಎಷ್ಟು ಚೆನ್ನಾಗಿದ್ದವೆಂದರೆ ಅವು ಅವಳದೇ ಎಂದು ನಂಬಲು ಮನಸ್ಸು ಒಪ್ಪಲಿಲ್ಲ. ಹನ್ನೆರಡನೆಯದಕ್ಕೆ ಬಂದಾಗ ತೆರೆಯ ಎಡ ಅಂಚಿನಲ್ಲಿ ಒಂದು ತೋಳು ಕಾಣಿಸಿ ಮರೆಯಾಯಿತು. ವಯಸ್ಸಾದ ಹೆಂಗಸಿನ ತೋಳು.

ಧ್ವನಿ ಏರಿಸಿದೆ. ಅವಳ ಪ್ರತಿ ಮೌನದೊಳಗೂ ಸಣ್ಣಗೆ ಟಕಟಕ ಸದ್ದಿತ್ತು. ಅದು ನಿಂತ ಮೇಲೆಯೇ ಅವಳು ಬಾಯಿ ತೆರೆಯುತ್ತಿದ್ದಳು. ಲ್ಯಾಬ್ ನೋಡಿಕೊಳ್ಳುವ ಅಕ್ಕನನ್ನೂ ಕರೆದು ಕೇಳಿಸಿದೆ. ಅವರು ಹೆಡ್‌ಫೋನನ್ನು ಒಂದೇ ಕಿವಿಗೆ ಹಿಡಿದು ಕೇಳಿ ಕೆಳಗಿಟ್ಟರು.

“ಒಳ್ಳೇ ಟೆಲಿಗ್ರಾಂ ಆಫೀಸು ಇಟ್ಕೊಂಡಿದಾಳಲ್ಲ ಮೇಷ್ಟ್ರೇ, ಮನೇಲಿ.”

ಮಧ್ಯಾಹ್ನ ಹುಡುಗಿಯನ್ನು ಕರೆಸಿದೆ. ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಸುಳ್ಳು ಹುಡುಕುವವರೂ ಹೀಗೇ ಸುಮ್ಮನಿರುತ್ತಾರೆ, ನಿಜ ಹೇಳಲು ಹೆದರುವವರೂ ಹೀಗೇ. ಎರಡರ ನಡುವಿನ ವ್ಯತ್ಯಾಸ ನನಗೆ ಇವತ್ತಿಗೂ ತಿಳಿಯುವುದಿಲ್ಲ.

“ಅಮ್ಮ,” ಅಂದಳು.

ತಾಯಿ ಇಪ್ಪತ್ತಾರು ವರ್ಷದಿಂದ ಕೋರ್ಟಿನಲ್ಲಿ ಟೈಪಿಸ್ಟ್. ನ್ಯಾಯಾಧೀಶರ ಪೀಠದ ಕೆಳಗೆ, ವಕೀಲರಿಗೆ ಎಡಗಡೆ ಕೂತು ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವವರು. ರಜೆಯ ದಿನಗಳಲ್ಲಿ ಮಗಳೂ ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂತು ಬೆಳೆದವಳು. ಮನೆಯಲ್ಲಿ ಅಭ್ಯಾಸ ಮಾಡುವಾಗಲೆಲ್ಲ ಅಮ್ಮ ಪಕ್ಕದಲ್ಲಿ ಕೂತು ಟೈಪ್ ಮಾಡುತ್ತಿದ್ದರಂತೆ. ಪರೀಕ್ಷೆಯ ದಿನವೂ ಕೂತರು.

“ಅಮ್ಮ ಒಂದು ಮಾತೂ ಆಡ್ಲಿಲ್ಲ ಸರ್. ಸಾಕ್ಷಿ ಹೇಳಿದ್ದನ್ನ ಟೈಪ್ ಮಾಡಿದ್ರು, ಅಷ್ಟೆ. ಅವರ ಕೈ ನಿಲ್ಲೋ ತನಕ ನಾನು ಮುಂದಕ್ಕೆ ಹೋಗಬಾರದು. ಹೋದ್ರೆ ಅವನು ಹೇಳಿದ್ದು ಅರ್ಧ ಕಾಗದಕ್ಕೆ ಬರುತ್ತೆ, ಇನ್ನರ್ಧ ಗಾಳಿಗೆ.”

“ಒಬ್ಬರೇ ಇರಬೇಕು ಅಂತ ನಿಯಮ ಇತ್ತಲ್ಲ?”

“ಇತ್ತು ಸರ್.”

ಹೆಣೆದ ಕಥೆಯೆನಿಸಿತು. ಅವಳು ಚೀಲದಿಂದ ನಾಲ್ಕು ಹಾಳೆ ತೆಗೆದು ಮೇಜಿನ ಮೇಲಿಟ್ಟು ಹೋದಳು. ಅಂದು ಟೈಪ್ ಮಾಡಿದ್ದಂತೆ. ನಿನ್ನೆ ಕೂತು ಮಾಡಿದ್ದೂ ಇರಬಹುದು. ರೆಕಾರ್ಡಿಂಗ್ ಹಾಕಿಕೊಂಡು ಒಂದೊಂದೇ ಸಾಲು ಹೋಲಿಸಿದೆ. ಎಲ್ಲವೂ ಅಕ್ಷರಕ್ಕೆ ಅಕ್ಷರ ಕೂಡಿತು. ಅಷ್ಟು ಸರಿಯಾಗಿ ಕೂಡಿದ್ದೇ ಅನುಮಾನ ಹೆಚ್ಚಿಸಿತು.

ಹತ್ತೊಂಬತ್ತನೆಯ ಉತ್ತರ ಮಾತ್ರ ಕೂಡಲಿಲ್ಲ. “ಬಾಗಿಲು ಮುಚ್ಚಿದ್ದೆ, ಆದರೆ ಚಿಲಕ” ಎಂಬಲ್ಲಿಗೆ ಸಾಲು ತುಂಡಾಗಿತ್ತು. ರೆಕಾರ್ಡಿಂಗಿನಲ್ಲಿ ಸಾಕ್ಷಿ “ಚಿಲಕ ಹಾಕಿದ ನೆನಪಿಲ್ಲ” ಎನ್ನುತ್ತಾನೆ. ಅವನು ಸಿಕ್ಕಿಬಿದ್ದನೆಂಬ ಆತುರಕ್ಕೆ ಹುಡುಗಿ ಆ ಒಂದು ಸಲ ಎಡಕ್ಕೆ ನೋಡದೆ, ಕಾಯದೆ ಮುಂದಿನ ಪ್ರಶ್ನೆ ಕೇಳಿಬಿಟ್ಟಿದ್ದಳು. ಕೆಂಪು ಗೆರೆಗಳ ಪಟ್ಟಿ ತೆಗೆದೆ. ಮೂವತ್ತೆರಡರಲ್ಲಿ ಗೆರೆ ಇಲ್ಲದ ಒಂದೇ ಒಂದು ಜಾಗ ಅದು. ಯಂತ್ರ ತಪ್ಪು ಕಾಣದ ಕಡೆ ತಾಯಿಯ ಸಾಲು ಮುರಿದಿತ್ತು.

ಹಾಳೆ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಎರಡು ಸಲ ಓದಿದರು.

“ಇಪ್ಪತ್ತಾರು ವರ್ಷ ಕೋರ್ಟಲ್ಲಿ ಕೂತ ಹೆಂಗಸು. ಎಲ್ಲಿ ಅರ್ಧ ಬಿಟ್ರೆ ನೀವು ನಂಬ್ತೀರಿ ಅಂತ ಅವರಿಗೆ ಗೊತ್ತಿರಲ್ವೇನ್ರಿ?”

ಕಳೆದುಹೋಗಿದ್ದ ಅನುಮಾನ ಮತ್ತೆ ಬಂದು ಹೆಗಲೇರಿತು. ನಾಳೆ ಹನ್ನೊಂದಕ್ಕೆ ಲ್ಯಾಬಿನಲ್ಲೇ ಹೊಸ ಸಾಕ್ಷಿಯೊಂದಿಗೆ ಮರುಪರೀಕ್ಷೆ, ಅದೂ ತಮ್ಮ ಕಣ್ಣೆದುರಿಗೆ ಎಂದು ಪ್ರಿನ್ಸಿಪಾಲರು ಹೇಳಿದರು.

ಮರುದಿನ ಅವರು ನೋಟ್‌ಪ್ಯಾಡ್ ಹಿಡಿದು ಬೇಕೆಂದೇ ಹುಡುಗಿಯ ಎಡಗಡೆ ಕುರ್ಚಿ ಹಾಕಿಕೊಂಡರು. ಕೋಣೆಯಲ್ಲಿ ಇನ್ನೊಬ್ಬರಿದ್ದಾರೆಂದು ಯಂತ್ರ ಪರೀಕ್ಷೆ ಶುರುವಾಗುವ ಮೊದಲೇ ಒಂದು ಗೆರೆ ಎಳೆಯಿತು. ಲ್ಯಾಬಿನ ಅಕ್ಕ ನಗು ತಡೆಯಲು ಗೋಡೆಯ ಕಡೆ ತಿರುಗಿಕೊಂಡರು.

ಮೊದಲ ಪ್ರಶ್ನೆ, ಮೊದಲ ಉತ್ತರ. ಹುಡುಗಿಯ ಕಣ್ಣು ಎಡಕ್ಕೆ ಹೋಯಿತು. ಪ್ರಿನ್ಸಿಪಾಲರು ಏನೋ ಗುರುತು ಮಾಡಿಕೊಳ್ಳುತ್ತಿದ್ದರು. ಪೆನ್ನು ನಿಂತಿತು. ಅವಳು ಮುಂದಿನದು ಕೇಳಿದಳು. ಪ್ರಶ್ನೆ ಇನ್ನೂ ಹರಿತವಾಗಿತ್ತು.

ಆರನೆಯ ಉತ್ತರದ ಹೊತ್ತಿಗೆ ಪ್ರಿನ್ಸಿಪಾಲರು ತಲೆಯೆತ್ತಿ ಅವಳನ್ನು ನೋಡಿದರು. ಮತ್ತೆ ಬಗ್ಗಿ ಬರೆಯತೊಡಗಿದರು. ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು, ಅವರು ಬರೆಯುತ್ತಿರಲಿಲ್ಲ. ಸುಮ್ಮನೆ ಸುರುಳಿ ಸುತ್ತುತ್ತಿದ್ದರು. ಹತ್ತು ಸೆಕೆಂಡು. ಇಪ್ಪತ್ತು. ಗೆರೆಯ ಮೇಲೆ ಗೆರೆ ಬಿದ್ದು ತೆರೆಯ ಅಂಚು ಕೆಂಪಾಯಿತು. ತನ್ನ ವರ್ಷ ಹೋಗುತ್ತಿರುವುದು ಅವಳಿಗೆ ಕಾಣದೇ ಇರಲಿಲ್ಲ. ಆದರೂ ಅಲುಗಾಡಲಿಲ್ಲ. ಸುರುಳಿ ನಿಂತಿತು. ಅವಳು ಬಾಯಿ ತೆರೆದಳು.

ಅವರು ಹಾಗೆ ಇನ್ನೆರಡು ಸಲ ಮಾಡಿದರು. ಆಮೇಲೆ ನನ್ನ ಕಡೆ ಕೈ ಚಾಚಿ ಫಾರ್ಮ್ ತೆಗೆದುಕೊಂಡರು. ‘ಅಕ್ರಮ ಇಲ್ಲ’ ಎಂಬಲ್ಲಿ ಗುರುತು ಹಾಕಿ, ಕೆಳಗೆ ಕಾರಣ ಬರೆಯತೊಡಗಿದರು. ಬಹಳ ಹೊತ್ತು ಬರೆದರು.

ಹೋಗಬಹುದು ಎಂದು ಅಕ್ಕ ಸನ್ನೆ ಮಾಡಿದರೂ ಹುಡುಗಿ ಏಳಲಿಲ್ಲ. ಎಡಕ್ಕೆ ನೋಡುತ್ತ ಕೂತೇ ಇದ್ದಳು, ಪೆನ್ನು ನಿಲ್ಲುವ ತನಕ.